ಮರಳಿಲಿ ಕಲಿಸಿದ ಗಾಳಿ

ಬೆಳಕು ಹರಿಯುವ ಹೊತ್ತಿಗೆ ಗಾರೆಯಮ್ಮ ಹೆರಿಗೆ ಕೋಣೆಯ ಗೋಡೆಯ ಬುಡದಲ್ಲಿ ಬೋರಲು ಮಲಗಿ, ನೆಲಮಟ್ಟದ ಗಾಳಿಕಂಡಿಗೆ ತನ್ನದೇ ಒಂದು ನರೆಗೂದಲು ಹಿಡಿಯುತ್ತಾಳೆ. ಕೋಣೆ ಉಸಿರೆಳೆಯುತ್ತಿದ್ದರೆ ಕೂದಲು ಒಳಕ್ಕೆ ವಾಲಬೇಕು. ಇವತ್ತು ಅಲುಗುವುದಿಲ್ಲ.

ಮರಳುಗಾಡಿನ ಅಂಚಿನ ಈ ಆಸ್ಪತ್ರೆಯಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಅದಕ್ಕೇ ಎಂಜಿನಿಯರಮ್ಮ ಮರಳಡಿ ಬದುಕುವ ಮರಳಿಲಿಯ ಬಿಲ ನೋಡಿ ಈ ಕೋಣೆಯ ನಕ್ಷೆ ಬರೆದರು. ಒಂದು ಬಾಯಿ ನೆಲದಲ್ಲಿ, ಇನ್ನೊಂದು ಎತ್ತರದಲ್ಲಿ. ಮೇಲಿನ ಬಾಯನ್ನು ಗಾಳಿ ಸವರಿಕೊಂಡು ಹೋದರೆ ಕೆಳಗಿನದು ತಾನಾಗಿ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿ ನೆಲದಡಿ ಹಾದು ತಣ್ಣಗಾಗಿ ಒಳಬರುತ್ತದೆ. ಅದನ್ನು ಇಟ್ಟಿಗೆ ಸುಣ್ಣದಲ್ಲಿ ನಿಲ್ಲಿಸಿದ್ದು ಗಾರೆಯಮ್ಮ.

"ಗೋಡೆ ಕಟ್ಟೋದು ಗೊತ್ತಿತ್ತು, ಗಾಳಿ ಕಟ್ಟೋದು ಗೊತ್ತಿರಲಿಲ್ಲ. ಅಂಗೈಯಷ್ಟಿಲ್ಲದ ಪ್ರಾಣಿ ಕಲಿಸ್ತು ನೋಡಿ," ಎಂದು ಇವತ್ತಿಗೂ ಬೆರಗಾಗುತ್ತಾಳೆ.

ಒಳಗೆ ಮಲಗಿರುವುದು ಅವಳದೇ ಮಗಳು. ಪಕ್ಕದ ತೊಟ್ಟಿಲಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಕೋಣೆ ಕಾದರೆ ಈ ಜೀವ ತಡೆಯದು ಎಂದು ನರ್ಸು ಎಚ್ಚರಿಸಿದ್ದಾರೆ. ಗಾರೆಯಮ್ಮ ಒಳಗೆ ಓಡಿ ನೋಡಿದರೆ ಒಳಗಿನ ಕಂಡಿಗೆ ಯಾರೋ ಕಂಬಳಿ ತುರುಕಿದ್ದಾರೆ. ಮಗಳ ಅತ್ತೆ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಾಳೆ.

"ಹಸಿ ಕೂಸಿಗೆ ಗಾಳಿ ತಾಗಲ್ವಾ? ನನ್ನ ಮೊಮ್ಮಗಳನ್ನ ಇಲಿ ಬಿಲದಲ್ಲಿ ಮಲಗಿಸ್ತೀಯಲ್ಲ ಬೀಗಿತ್ತಿ!"

ಗಾರೆಯಮ್ಮ ಕಂಬಳಿ ಎಳೆದು, ತೊಟ್ಟಿಲ ಮೇಲೆ ಕೈಯಿಟ್ಟರೆ ಗಾಳಿ ನೇರ ಬಂದು ಬಡಿಯುತ್ತದೆ. ಬೀಗಿತ್ತಿ ಹೇಳಿದ್ದರಲ್ಲಿ ತಪ್ಪಿಲ್ಲ. ಫೋನಿನಲ್ಲಿ ಎಂಜಿನಿಯರಮ್ಮನೂ ಹೌದೆನ್ನುತ್ತಾರೆ. ಹಿಂದೆ ತಾವಿಬ್ಬರೂ ಸೇರಿ ಅಗೆದು ನೋಡಿದ್ದ ಬಿಲವನ್ನು ನೆನಪಿಸಿಕೊಳ್ಳುತ್ತಾರೆ. ಮರಿಗಳಿದ್ದ ಗೂಡು ಗಾಳಿಯ ದಾರಿಯಲ್ಲಿರಲಿಲ್ಲ. ಒಂದು ತಿರುವು ದಾಟಿ ಪಕ್ಕಕ್ಕಿತ್ತು.

ಬಿಸಿಲೇರುವ ಮೊದಲೇ ಕಂಡಿಯೆದುರು ಅದೇ ತಿರುವಿನಂತೆ ಮೊಣಕಾಲೆತ್ತರದ ಗೋಡೆಯೊಂದು ಏಳುತ್ತದೆ. ನುಗ್ಗಿ ಬಂದ ಗಾಳಿ ಅದಕ್ಕೆ ಬಡಿದು, ಬಳಸಿ, ನೆಲ ಹಿಡಿದು ಮೆಲ್ಲಗೆ ಹರಡುತ್ತದೆ.

ಮಧ್ಯಾಹ್ನ ಹೊರಗೆ ಮರಳು ಕಾದ ಬಾಣಲೆ. ಒಳಗೆ ಕೂಸಿನ ಜಾವಳ ಕೂಡ ಅಲುಗುವುದಿಲ್ಲ. ಬೀಗಿತ್ತಿಯ ಹಣೆಯ ಬೆವರು ಮಾತ್ರ ಆರಿದೆ. ಪಕ್ಕದ ಮಂಚದ ಬಾಣಂತಿಯ ಕಡೆಯ ಮುದುಕಿ ಹಳೇ ಸೀರೆಯನ್ನು ಉಂಡೆ ಸುತ್ತಿ ಕಂಡಿ ಮುಚ್ಚಲು ಬಂದಾಗ ಬೀಗಿತ್ತಿ ಕೈ ಅಡ್ಡ ಹಿಡಿಯುತ್ತಾಳೆ.

"ಮುಚ್ಚಬೇಡಿ. ನಮ್ಮ ಬೀಗಿತ್ತಿ ಕಟ್ಟಿದ ಗಾಳಿ ಅದು."

ಬಾಗಿಲಾಚೆ ಗಾರೆ ಮೆತ್ತಿದ ಕರಣೆ ತೊಳೆಯುತ್ತಿದ್ದ ಗಾರೆಯಮ್ಮ, ಆ ಮಾತು ಕಿವಿಗೆ ಬಿದ್ದು, ತೊಳೆದದ್ದನ್ನೇ ಮತ್ತೊಮ್ಮೆ ತೊಳೆಯುತ್ತಾಳೆ.