ಕಿವಿಯಕ್ಕನ ಇಂಟರ್‌ವ್ಯೂ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬಂದವರ ಕಿವಿಗೆ ಹೆಡ್‌ಫೋನ್ ಹಾಕಿ, "ಸದ್ದು ಕೇಳಿದ ಕೂಡಲೇ ಗುಂಡಿ ಒತ್ತಿ" ಎಂದು ಹೇಳಿ ಹೇಳಿ ಎಲ್ಲರಿಗೂ ಕಿವಿಯಕ್ಕನಾಗಿದ್ದಳು. ಕೂತಲ್ಲಿ ಕೂರುವ ಜೀವವಲ್ಲ. ರೋಗಿ ಗುಂಡಿ ಒತ್ತುವುದು ತಡವಾದರೆ ಇವಳ ಕಾಲು ಮೇಜಿನಡಿ ಕುಣಿಯುತ್ತಿತ್ತು.

ಅವಳ ತಲೆ ಕೆಡಿಸಿದ್ದು ಅತ್ತೆ. ಎಷ್ಟು ಸಲ ಪರೀಕ್ಷೆ ಮಾಡಿದರೂ ಅತ್ತೆಯ ಕಿವಿ ಸರಿಯಾಗಿಯೇ ಇತ್ತು. ಆದರೆ ಮನೆಗೆ ನಾಲ್ಕು ಜನ ಬಂದರೆ ಸಾಕು, ಅತ್ತೆಗೆ ಮಾತೆಲ್ಲ ಕಲಸಿಹೋಗುತ್ತಿತ್ತು.

"ನಿನ್ನ ಮಿಷನ್ ಏನ್ ಬೇಕಾದ್ರೂ ಹೇಳ್ಲಿ. ದನಿ ಕೇಳುತ್ತೆ, ಮಾತು ತಿಳಿಯಲ್ಲ. ಎಲ್ರೂ ನಕ್ಕಾಗ ನಾನೂ ನಗ್ತೀನಿ. ಯಾಕೆ ನಕ್ಕೆ ಅಂತ ಮಾತ್ರ ಕೇಳ್ಬೇಡ."

ಆ ಹುಳ ತಲೆ ಹೊಕ್ಕಿತು. ಕಿವಿ ಸರಿಯಿದ್ದರೆ, ಅಲ್ಲಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಮಾತು ಎಲ್ಲಿ ದಿಕ್ಕು ತಪ್ಪುತ್ತದೆ? ಡಾಕ್ಟರು "ವಯಸ್ಸಾಯ್ತಲ್ಲ" ಎಂದು ಕೈ ತೊಳೆದುಕೊಂಡಾಗ ಅವಳ ಮೈ ಉರಿಯಿತು. ಅದೇ ಹೊತ್ತಿಗೆ ವಿಶ್ವವಿದ್ಯಾಲಯವೊಂದರ ಪ್ರಕಟಣೆ ಕಣ್ಣಿಗೆ ಬಿತ್ತು: ಕಿವಿ ಮತ್ತು ಮಿದುಳಿನ ಸಂಬಂಧದ ಮೇಲೆ ಪಿಎಚ್‌ಡಿ ಮಾಡಲು ಒಂದು ಸೀಟು, ಜೊತೆಗೆ ತಿಂಗಳ ಭತ್ಯೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿತಿ ದಾಟುತ್ತಿತ್ತು. ಇದು ತಪ್ಪಿದರೆ ಮತ್ತೆ ಇಲ್ಲ. ಅಂದೇ ಅರ್ಜಿ ಹಾಕಿದಳು.

ಇಂಟರ್‌ವ್ಯೂ ಮೊಬೈಲ್‌ನಲ್ಲೇ, ವಿಡಿಯೋ ಕರೆಯಲ್ಲಿ ಎಂದರು. ಆಸ್ಪತ್ರೆಯಲ್ಲಿ ಗದ್ದಲವಿಲ್ಲದ ಜಾಗ ಒಂದೇ, ಅವಳ ಪರೀಕ್ಷೆಯ ಕೋಣೆ. ದಪ್ಪ ಕಬ್ಬಿಣದ ಗೋಡೆ, ಫ್ರಿಜ್ಜಿನಂಥ ಬಾಗಿಲು. ಹೊರಗೇ ಕರೆಗೆ ಸೇರಿಕೊಂಡು, ಒಳಹೊಕ್ಕು ಬಾಗಿಲು ಎಳೆದುಕೊಂಡಳು. ತೆರೆಯ ಮೇಲಿನ ಪ್ರೊಫೆಸರ್ ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಸದ್ದು ನುಗ್ಗದ ಗೋಡೆಯಲ್ಲಿ ನೆಟ್‌ವರ್ಕೂ ನುಗ್ಗುವುದಿಲ್ಲ. ಪರೀಕ್ಷೆಯ ವೇಳೆ ಒಳಗಿರುವುದು ರೋಗಿ, ಹೊರಗಿರುವುದು ಅವಳು. ಅದಕ್ಕೇ ಇಷ್ಟು ವರ್ಷ ಅದು ಹೊಳೆದಿರಲೇ ಇಲ್ಲ.

ಎದ್ದುಬಿದ್ದು ಹೊರಗೆ ಓಡಿದಳು. ಕಾರಿಡಾರಿನಲ್ಲಿ ಮಗುವೊಂದು ಅರಚುತ್ತಿತ್ತು, ಟೋಕನ್ ನಂಬರ್ ಕೂಗುತ್ತಿದ್ದರು, ಸ್ಟ್ರೆಚರಿನ ಚಕ್ರ ಕಿರುಗುಟ್ಟುತ್ತಿತ್ತು.

"ಏನಕ್ಕಾ, ಇಷ್ಟು ಬೇಗ ಮುಗೀತಾ?" ಎಂದ ಅಟೆಂಡರ್.

"ಶುರುವೇ ಆಗಿಲ್ಲ. ಆ ಕುರ್ಚಿ ಬಿಡು."

"ತಗೊಳ್ಳಿ. ದೊಡ್ಡೋರಾದ್ಮೇಲೆ ವಾಪಸ್ ಕೊಡಿ."

ಕರೆ ಮತ್ತೆ ಹತ್ತಿತು. ಪ್ರೊಫೆಸರ್ ಏನೋ ಕೇಳಿದರು. ದನಿ ಕೇಳಿತು, ಮಾತು ತಿಳಿಯಲಿಲ್ಲ. ತೆರೆಯ ಮೇಲೆ ಮೂರು ಮುಖಗಳು ಕಾಯುತ್ತಿದ್ದವು. ಅವಳ ತುಟಿ ತಾನಾಗಿ ನಕ್ಕಿತು, ಕತ್ತು ಹೂಂ ಎನ್ನಲು ಹೊರಟಿತು. ಅಷ್ಟರಲ್ಲಿ ತಡೆದುಕೊಂಡಳು.

"ಸರ್, ನೀವು ಏನ್ ಕೇಳಿದ್ರಿ ಅಂತ ಗೊತ್ತಾಗ್ಲಿಲ್ಲ. ಸುಮ್ನೆ ತಲೆ ಆಡಿಸೋಕೆ ಹೊರಟಿದ್ದೆ. ನನ್ನ ರೋಗಿಗಳು ಮಾಡೋದೂ ಇದನ್ನೇ. ಇನ್ನೊಂದ್ಸಲ ಹೇಳಿ."

ಪ್ರೊಫೆಸರ್ ಬಿಡಿಸಿ ಹೇಳಿದರು: "ಪೂರ್ತಿ ಹೊತ್ತು ಲ್ಯಾಬ್‌ನಲ್ಲಿರಬೇಕಾಗುತ್ತೆ. ಆಸ್ಪತ್ರೆ ಬಿಡ್ತೀರಾ?"

"ಬಿಟ್ರೆ ಯಾರನ್ನ ಪರೀಕ್ಷೆ ಮಾಡ್ಲಿ? ಈ ತೊಂದರೆಯವರು ಬರೋದು ಇಲ್ಲಿಗೆ ಸರ್, ಲ್ಯಾಬಿಗಲ್ಲ. ವಾರಕ್ಕೊಂದು ದಿನ ಇಲ್ಲಿರೋಕೆ ಬಿಡಿ. ಆಗಲ್ಲ ಅಂದ್ರೆ ಸೀಟು ಬೇರೆಯವರಿಗೆ ಕೊಡಿ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. "ತಿಳಿಸ್ತೀವಿ" ಎಂದು ಅವರು ಕರೆ ಕಡಿದರು.

ಆಮೇಲಿನ ದಿನಗಳಲ್ಲಿ ಹಾಲು ಉಕ್ಕಿಸಿದಳು, ಗಂಡನ ಮೇಲೆ ರೇಗಿದಳು, ಸ್ನಾನಕ್ಕೆ ಹೋದಾಗಲೂ ಫೋನನ್ನು ಕಿಟಕಿಯ ಮೇಲಿಟ್ಟುಕೊಂಡಳು. ಕೊನೆಗೆ ಸುದ್ದಿ ಬಂತು. ವಾರಕ್ಕೊಂದು ದಿನ ಆಸ್ಪತ್ರೆಗೆ ಒಪ್ಪಿದ್ದರು, ಸೋಮವಾರ ಸೇರಬೇಕಿತ್ತು.

"ಅತ್ತೆ, ಸೀಟು ಸಿಕ್ತು."

"ಹಾಗಾದ್ರೆ ನನ್ನ ಕಿವಿ ರಿಪೇರಿಯಾಗುತ್ತಾ?"

"ರಿಪೇರಿ ಇಲ್ಲ. ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗ್ಬಹುದು. ಅದೂ ಆಗ್ದೇ ಇರಬಹುದು."

"ಅದಕ್ಕೆ ನಾಲ್ಕು ವರ್ಷ ಓದ್ತೀಯಾ? ಸರಿ, ಹೋಗಿ ಬಾ."

ಸೋಮವಾರದವರೆಗೆ ತಡೆಯುವುದು ಅವಳಿಂದ ಆಗುವ ಮಾತಲ್ಲ. ಟಿ.ವಿ. ದನಿ ಏರಿಸಿ, ಕುರ್ಚಿ ಎಳೆದುಕೊಂಡು ಅತ್ತೆಯ ಎದುರು ಕೂತಳು.

"ಈಗ ಹೇಳಿ. ಇಷ್ಟು ಗದ್ದಲದಲ್ಲಿ ಮೊದಲು ತಪ್ಪಿಹೋಗೋದು ಯಾರ ಮಾತು?"

"ನಿಂದೇ," ಎಂದರು ಅತ್ತೆ. "ಉಸಿರು ಬಿಡದೆ ಮಾತಾಡ್ತೀಯಲ್ಲ."