ಕೆಟ್ಟ ಮೇಲೆ ನಿನಗೇ

ಬೈಲಪ್ಪನ ಕೈಗೆ ಬಂದ ಗಾಡಿ ಕೆಡುವುದಿಲ್ಲ ಎಂದು ಹೊನ್ನಾಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹೊಗಳಿಕೆಯ ಮಾತೇ, ಸುಳ್ಳೂ ಅಲ್ಲ. ಆದರೆ ಆ ಹೊಗಳಿಕೆಯೇ ಆ ಮನುಷ್ಯನ ಬದುಕನ್ನು ತಿಂದುಹಾಕಿತು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಡ್ರೈವರನೊಬ್ಬನ ಬದುಕಿನ ಬಗ್ಗೆ ಯೋಚಿಸಲು ಯಾರಿಗೆ ಪುರುಸೊತ್ತು?

ಬೈಲಪ್ಪ ಜಗಳೂರು ಕಡೆಯವನು. ಮೀಸೆ ಮೂಡುವ ಮೊದಲೇ ಲಾರಿ ಕ್ಲೀನರ್ ಆಗಿ ಮನೆ ಬಿಟ್ಟವನು. ಹೊನ್ನಾಳಿಯ ಅಕ್ಕಿ ಗಿರಣಿಗೆ ಭತ್ತದ ಲೋಡು ತರುತ್ತ ತರುತ್ತ ಡ್ರೈವರ್ ಆದ, ಮದುವೆಯಾದ, ಕೊನೆಗೆ ಗಿರಣಿಯ ಸಾಹುಕಾರ ಗುರುಸ್ವಾಮಿಯವರ ಕಣ್ಣಿಗೆ ಬಿದ್ದ. ಸಾಹುಕಾರರು ಆಗಷ್ಟೇ ಬಿಳಿ ಬಣ್ಣದ ಡೀಸೆಲ್ ಅಂಬಾಸಿಡರ್ ತಂದಿದ್ದರು. ಲಾರಿಯಿಂದ ಇಳಿದು ಕಾರು ಹತ್ತು ಎಂದರು. ಇವನು ಹತ್ತಿದ.

ಮೊದಲ ವರ್ಷದ ಆಯುಧಪೂಜೆಯ ದಿನ ಕಾರಿಗೆ ಕುಂಬಳಕಾಯಿ ಒಡೆದ ಮೇಲೆ ಸಾಹುಕಾರರು ಎಲ್ಲರ ಎದುರಿಗೇ ಮಾತು ಕೊಟ್ಟರು.

"ಇದನ್ನ ಚೆನ್ನಾಗಿ ನೋಡ್ಕಾ ಬೈಲ. ನಮ್ಮನೇಲಿ ದುಡಿದು ದುಡಿದು ಇದು ಕೆಟ್ಟು ನಿಲ್ತೈತಲ್ಲ, ಅವತ್ತು ಇದು ನಿಂದೇ. ರಿಪೇರಿ ಮಾಡಿಸ್ಕಂಡು ನಿಮ್ಮೂರ ಕಡೆ ಬಾಡಿಗೆಗೆ ಬಿಟ್ಕಾ. ಬೇರೆ ಯಾರಿಗೂ ಕೊಡಾಕಿಲ್ಲ."

ಬೈಲಪ್ಪ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ. ಆ ಮಾತಿನೊಳಗೆ ಒಂದು ಗಂಟಿತ್ತು, ಅದು ಅವನಿಗೆ ಕಾಣಲಿಲ್ಲ. ಚೆನ್ನಾಗಿ ನೋಡಿಕೊಂಡರೆ ಗಾಡಿ ಕೆಡುವುದಿಲ್ಲ, ಕೆಡದಿದ್ದರೆ ಅವನಿಗೆ ಸಿಗುವುದಿಲ್ಲ. ಸಾಹುಕಾರರಿಗೆ ಅದು ಗೊತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ನನ್ನನ್ನು ಕೇಳಿದರೆ ಚೆನ್ನಾಗಿಯೇ ಗೊತ್ತಿತ್ತು.

ಇವನೋ, ತನ್ನದಾಗುವ ಗಾಡಿ ಎಂದು ಅದನ್ನು ಕೂಸಿನಂತೆ ಸಾಕಿದ. ಬೆಳಗ್ಗೆ ಮುಖ ತೊಳೆಯುವ ಮೊದಲು ಬಾನೆಟ್ ಎತ್ತಿ ರೇಡಿಯೇಟರಿನ ನೀರು ನೋಡುತ್ತಿದ್ದ, ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಒರೆಸಿ ನೋಡುತ್ತಿದ್ದ. ಇಂಜಿನ್ ಹದಕ್ಕೆ ಕಾಯುವ ತನಕ ಗೇರಿಗೆ ಕೈ ಹಾಕುತ್ತಿರಲಿಲ್ಲ. ದೂರ ಓಡಿ ಬಂದ ಮೇಲೆ ಒಮ್ಮೆಲೇ ಬಂದ್ ಮಾಡುತ್ತಲೂ ಇರಲಿಲ್ಲ. ಸಾಹುಕಾರರು ಇಳಿದು ಒಳಗೆ ಹೋಗಿ ಕಾಫಿ ಕುಡಿದರೂ ಅಂಗಳದಲ್ಲಿ ಅದು ಗುರುಗುಟ್ಟುತ್ತ ತಣ್ಣಗಾಗುತ್ತಿತ್ತು. ಊರಿನಲ್ಲಿದ್ದ ಅಂಥ ಬೇರೆ ಕಾರುಗಳು ಒಂದೊಂದಾಗಿ ಗುಜರಿಗೆ ಹೋದವು. ಇದರ ಕಿಲೋಮೀಟರ್ ಮೀಟರು ಸುತ್ತಿ ಸುತ್ತಿ ಸಾಕಾಗಿ ತಾನೇ ನಿಂತುಹೋಯಿತು, ಇಂಜಿನ್ ನಿಲ್ಲಲಿಲ್ಲ. ನಡುವೆ ಒಮ್ಮೆ ಹೊನ್ನಾಳಿಯ ಮೆಕ್ಯಾನಿಕ್ ದುರುಗಣ್ಣನ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿಸಿ, ಪಿಸ್ಟನ್ ಓಡಾಡುವ ಸವೆದ ಕೊಳವೆಗಳಿಗೆ ಬೋರ್ ಕೆಲಸ ಮಾಡಿಸಿದ್ದುಂಟು. ಆಗಲೂ ಬೈಲಪ್ಪ ಊಟ ಬಿಟ್ಟು ಅಲ್ಲೇ ಕೂತು ಒಂದೊಂದು ನಟ್ಟನ್ನೂ ತಾನೇ ಸೀಮೆಎಣ್ಣೆಯಲ್ಲಿ ತೊಳೆದು ಕೊಟ್ಟ.

ಬೋರ್ ಆದ ಮೇಲೆ ಅದು ಇನ್ನೂ ನಯವಾಯಿತು. ಹೆಮ್ಮೆ ಯಾರಿಗೆ? ಸಾಹುಕಾರರಿಗೆ. ಮದುವೆ ಮನೆಗಳ ಮುಂದೆ ಹೊಸ ಕಾರಿನವರನ್ನು ಕರೆದು ಬಾನೆಟ್ ಎತ್ತಿಸಿ, "ಕೈ ಇಟ್ಟು ನೋಡ್ರಿ, ನಡುಗ್ತೈತಾ?" ಎಂದು ಕೇಳುವರು. ಮಗ ದೊಡ್ಡ ದೊಡ್ಡ ಗಾಡಿಗಳನ್ನು ತಂದು ನಿಲ್ಲಿಸಿದರೂ ಅವರಿಗೆ ಇದೇ ಬೇಕು. ಪ್ರತಿ ಆಯುಧಪೂಜೆಗೂ ಆ ಮಾತು ಮಾತ್ರ ತಪ್ಪದೆ ಬರುತ್ತಿತ್ತು: "ಇನ್ನೂ ಗಟ್ಟಿ ಐತಲ್ಲೋ! ಕೆಟ್ಟ ಮೇಲೆ ನಿಂಗೇ, ಮರ್ತಿಲ್ಲ ನಾನು."

ಸರ್ಕಾರಿ ಬಸ್ಸಿಗೆ ಡ್ರೈವರುಗಳನ್ನು ತೆಗೆದುಕೊಳ್ಳುವಾಗ ಬೈಲಪ್ಪನಿಗೂ ಕರೆ ಬಂದಿತ್ತು. ಅವನ ಜೊತೆಯಲ್ಲೇ ಲಾರಿ ಕಲಿತ ಓಬಳೇಶ ಹೊರಟು ನಿಂತು ಇವನನ್ನೂ ಎಳೆದ. ಸಾಹುಕಾರರು ಬೈಯಲಿಲ್ಲ, ತಡೆಯಲೂ ಇಲ್ಲ. "ಹೋಗಪ್ಪ, ಯಾರ್ ಬ್ಯಾಡ ಅಂತಾರೆ? ಆದ್ರೆ ಸರ್ಕಾರಿ ಬಸ್ಸು ಯಾವತ್ತಾದ್ರೂ ನಿಂದಾಗ್ತೈತಾ? ಇದು ನಿಂದಾಗ್ತೈತೆ" ಎಂದರು ಅಷ್ಟೇ. ಓಬಳೇಶ ಹೋದ. ಬೈಲಪ್ಪ ಉಳಿದ. ಬಸ್ಸು ಓಡಿಸಿ ಓಡಿಸಿ ಓಬಳೇಶ ಈಗ ನಿವೃತ್ತಿಯ ಹತ್ತಿರ ಬಂದಿದ್ದಾನೆ, ಅವನ ಮಾತು ಇಲ್ಲಿ ಬೇಡ.

ಹೆಂಡತಿ ಸುಂಕಲಮ್ಮ ಊರಲ್ಲಿ, ಇವನು ಗಿರಣಿಯ ಹಿಂದಿನ ಗೋಣಿಚೀಲದ ಕೋಣೆಯಲ್ಲಿ. ಬರುವ ವರ್ಷ ಕಾರು ತಗೊಂಡು ಬಂದುಬಿಡುತ್ತೇನೆ, ಆಮೇಲೆ ಒಂದೇ ಕಡೆ ಇರೋಣ ಎಂದು ಅವಳಿಗೆ ಹೇಳಿದ ಮಾತನ್ನು ಅವನು ನಂಬಿಯೇ ಹೇಳಿದ್ದ. ಜಗಳೂರಿನ ಸ್ಟ್ಯಾಂಡಿನಲ್ಲಿ ಕಾರು ಎಲ್ಲಿ ನಿಲ್ಲಿಸಬೇಕು, ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ಮೊದಲು ಎಲ್ಲಿಗೆ ಹೋಗಬೇಕು, ಎಲ್ಲ ಗೊತ್ತುಮಾಡಿಟ್ಟಿದ್ದ. ಮಗಳು ಧನುಶ್ರೀಯ ಮದುವೆಗೆ ಒಂದು ದಿನದ ಮಟ್ಟಿಗೆ ಆ ಕಾರು ಕೇಳಿದ. ಅದೇ ದಿನ ನ್ಯಾಮತಿಯಲ್ಲಿ ಸಾಹುಕಾರರ ನೆಂಟರ ಮದುವೆ. ಅವರನ್ನು ಅಲ್ಲಿ ಇಳಿಸಿ, ಕಾರು ಅಲ್ಲೇ ಬಿಟ್ಟು, ಬಸ್ಸಿನ ಮೇಲೆ ಬಸ್ಸು ಹತ್ತಿ ಬೈಲಪ್ಪ ತನ್ನೂರು ಮುಟ್ಟಿದಾಗ ತಾಳಿ ಕಟ್ಟಿ ಆಗಿತ್ತು, ಎರಡನೇ ಪಂಕ್ತಿ ಎದ್ದಿತ್ತು. ಸುಂಕಲಮ್ಮ ಕೈ ತೊಳೆಯಲು ನೀರು ಕೊಟ್ಟಳು. ಎಲೆ ಹಾಕಿ ಬಡಿಸಿದಳು.

ಹೀಗೆ ತಲೆ ನರೆಯಿತು. ಕಣ್ಣಿಗೆ ಕನ್ನಡಕ ಬಂತು. ಕಾರು ಮಾತ್ರ ಗಟ್ಟಿ.

ಕಳೆದ ಬೇಸಗೆಯಲ್ಲಿ ಸಾಹುಕಾರರ ಮಗಳು ಚನ್ನಗಿರಿಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಳು. ಬೈಲಪ್ಪ ಸಾಹುಕಾರರನ್ನು ಕರೆದುಕೊಂಡು ಹೋಗಿ, ಶಾಮಿಯಾನದ ಹಿಂದೆ ನೆರಳಿನಲ್ಲಿ ಕೂತಿದ್ದ. ಬಟ್ಟೆಯ ಆಚೆ ಬೀಗರೊಬ್ಬರು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಅಲ್ರೀ, ಈ ಹಳೇ ಗಾಡಿ ಇನ್ನೂ ಹಿಂಗೆ ಓಡ್ತೈತಲ್ಲ, ಏನ್ರೀ ಗುಟ್ಟು?"

ಸಾಹುಕಾರರು ನಕ್ಕರು. "ಗುಟ್ಟೇನಿಲ್ರೀ. ಕೆಟ್ಟ ಮೇಲೆ ನಿಂಗೇ ಅಂತ ಡ್ರೈವರ್‌ಗೆ ಹೇಳಿಟ್ಟೀನಿ. ಅದೇ ಆಸೇಲಿ ಅವ್ನು ಅದನ್ನ ಕೆಡಾಕೇ ಬಿಡಲ್ಲ. ಹೆಂಗೈತೆ?"

ಶಾಮಿಯಾನದೊಳಗೆ ಎಲ್ಲರೂ ನಕ್ಕರು. ಬೈಲಪ್ಪನ ಕೈಯಲ್ಲಿ ಹೋಳಿಗೆಯ ತಟ್ಟೆ ಇತ್ತು. ಅವನು ಅದನ್ನು ಕೆಳಗಿಟ್ಟ. ಇಷ್ಟು ವರ್ಷ ಕಾಣದಿದ್ದ ಗಂಟು ಈಗ ಕಣ್ಣಿಗೆ ಬಿತ್ತು. ಅವಮಾನ, ಸಿಟ್ಟು, ಅದಕ್ಕಿಂತ ಹೆಚ್ಚಾಗಿ ತನ್ನ ದಡ್ಡತನದ ಬಗ್ಗೆ ಅಸಹ್ಯ.

ಸಾಹುಕಾರರು ಆ ದಿನ ಮಗಳ ಮನೆಯಲ್ಲೇ ಉಳಿದರು. ನಾಳೆ ಬಾ ಎಂದು ಇವನನ್ನು ಖಾಲಿ ಕಾರಿನಲ್ಲಿ ಹೊನ್ನಾಳಿಗೆ ಕಳಿಸಿದರು. ಹೊರಡುವ ಮುಂಚೆ ರೂಢಿಯಂತೆ ಬಾನೆಟ್ ಎತ್ತಿದ. ರೇಡಿಯೇಟರಿನ ಕೆಳಗಿನ ಪೈಪು ಬಾಯಿ ಬಿಟ್ಟು ನೀರು ತೊಟ್ಟಿಕ್ಕುತ್ತಿತ್ತು. ಬೇರೆ ದಿನವಾಗಿದ್ದರೆ ಆ ಪೈಪು ಬದಲಾಯಿಸದೆ ಗಾಡಿ ಒಂದು ಮಾರು ಮುಂದೆ ಹೋಗುತ್ತಿರಲಿಲ್ಲ. ಅವತ್ತು ಅವನು ಅದನ್ನು ನೋಡಿದ, ಬಾನೆಟ್ ಮುಚ್ಚಿದ, ಬಂದು ಸೀಟಿನಲ್ಲಿ ಕೂತ.

ಕೆರೆಬಿಳಚಿಯ ಹತ್ತಿರ ಬರುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಮೇಲೇರಿತ್ತು. ಪಕ್ಕದಲ್ಲೇ ಸೂಳೆಕೆರೆ, ಕಣ್ಣು ಹಾಯುವಷ್ಟು ದೂರ ನೀರು. ಒಂದು ಕೊಡ ನೀರು ಸಾಕಿತ್ತು. ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಎರಡು ಸಲ ಹೋಯಿತು. ಬೈಲಪ್ಪ ಆ ಕಾಲನ್ನು ಎಳೆದು ತಂದು ಎಕ್ಸಿಲೇಟರಿನ ಮೇಲೆ ಇಟ್ಟ. ಬಸವಾಪಟ್ಟಣ ದಾಟಿದ ಮೇಲೆ ಬಾನೆಟಿನ ಸಂದಿಯಿಂದ ಆವಿ ಎದ್ದಿತು. ಇಂಜಿನ್ ಮೊದಲು ಕಟಕಟ ಎಂದಿತು, ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂತು. ಆ ಸದ್ದು ಕೇಳಲಾರದೆ ಅವನು ಗಟ್ಟಿಯಾಗಿ ಅಳತೊಡಗಿದ, ಆದರೆ ಕಾಲು ತೆಗೆಯಲಿಲ್ಲ. ಕಡೆಗೊಮ್ಮೆ ಕಾರು ಜಗ್ಗಿದಂತಾಗಿ ರಸ್ತೆಯ ಮೇಲೆ ನಿಂತುಬಿಟ್ಟಿತು. ಸುತ್ತ ಗದ್ದೆ ಬಯಲು, ಯಾರೂ ಇರಲಿಲ್ಲ. ಅವನು ಇಳಿದು ಸುಡುತ್ತಿದ್ದ ಬಾನೆಟಿನ ಮೇಲೆ ಕೈಯಿಟ್ಟ. ಕೈ ಸುಟ್ಟಿತು.

ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ದುರುಗಣ್ಣನ ಗ್ಯಾರೇಜಿಗೆ ತಂದದ್ದಾಯಿತು. ಮರುದಿನ ಸಾಹುಕಾರರು ಅಲ್ಲಿಗೇ ಬಂದರು. ದುರುಗಣ್ಣ ಮುಖ ಸಣ್ಣದು ಮಾಡಿಕೊಂಡು ಹೇಳಿದ: "ನೀರಿಲ್ದಂಗೆ ಓಡ್ಸ್ಯಾರ ಸಾವ್ಕಾರ್ರೇ. ಪಿಸ್ಟನ್ ಹಿಡ್ಕಂಡೈತೆ. ಇದು ಮುಗೀತು, ಬೇರೆ ಇಂಜಿನ್ನೇ ಕೂರಿಸ್ಬೇಕು."

ಬೈಲಪ್ಪ ಕಾಯುತ್ತ ನಿಂತಿದ್ದ. ಗಾಡಿ ಕೆಟ್ಟಿತ್ತು. ಮಾತು ಇನ್ನೇನು ಬರಬೇಕು.

"ಹಂಗಾರೆ ಶಿವಮೊಗ್ಗದಿಂದ ಒಂದು ಒಳ್ಳೇ ಇಂಜಿನ್ ತರ್ಸು ದುರುಗಣ್ಣ. ನಮ್ಮ ಗಿರಣಿಗೆ ಕಾಲ್ಗುಣದ ಗಾಡಿ ಇದು, ಬಿಡಾಕಾಗಲ್ಲ" ಎಂದರು ಸಾಹುಕಾರರು. ಆಮೇಲೆ ಇವನ ಕಡೆ ತಿರುಗಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ನಿಂಗೂ ವಯಸ್ಸಾತು ಬೈಲ. ಕಣ್ಣು ಮಂಜು, ಮರೆವು ಬೇರೆ. ನೀರು ನೋಡೋದನ್ನೇ ಮರ್ತುಬಿಟ್ಟೆ ನೋಡು. ಇನ್ನು ಸಾಕು, ಊರಿಗೆ ಹೋಗಿ ಆರಾಮಾಗಿರು. ತಿಪ್ಪೇಶ ಅಂತ ಹೊಸ ಹುಡುಗನ್ನ ಮಗ ಗೊತ್ತು ಮಾಡ್ಯಾನೆ."

ಕಾರು ಹೋಯಿತು, ಕೆಲಸ ಹೋಯಿತು. ಅದನ್ನೆಲ್ಲ ಅವನು ನುಂಗುತ್ತಿದ್ದನೋ ಏನೋ. ಮರೆತ ಎಂಬ ಮಾತನ್ನು ಮಾತ್ರ ನುಂಗಲಾಗಲಿಲ್ಲ. ಹೊನ್ನಾಳಿಯಲ್ಲಿ ಅವನಿಗೆಂದು ಇದ್ದದ್ದು, ಅವನ ಕೈಗೆ ಬಂದ ಗಾಡಿ ಕೆಡುವುದಿಲ್ಲ ಎಂಬ ಆ ಒಂದು ಹೆಸರು.

"ಮರ್ತಿಲ್ಲ ಸಾವ್ಕಾರ್ರೇ" ಎಂದ. "ಪೈಪು ಒಡೆದಿದ್ದು ನೋಡೀನಿ. ಮುಳ್ಳು ಏರಿದ್ದೂ ನೋಡೀನಿ. ಬೇಕಂತ್ಲೇ ಓಡ್ಸಿ ಕೆಡಿಸ್ದೆ."

ಸಾಹುಕಾರರು ಅರೆಗಳಿಗೆ ಅವನ ಮುಖ ನೋಡಿ, ಹೊಟ್ಟೆ ಕುಣಿಯುವಂತೆ ನಕ್ಕರು. "ನೀನಾ? ಬೇಕಂತ್ಲೇ? ಅದು ನಿನ್ ಕೈಲಿ ಆಗೋ ಕೆಲ್ಸನಾ? ಹೋಗೋ, ತಪ್ಪು ಮುಚ್ಕಳಾಕೆ ಇದೊಂದು ಕಥೆ ಕಟ್ತೀಯ." ದುರುಗಣ್ಣನೂ ನಕ್ಕ. ಹೊರಡುವಾಗ ಸಾಹುಕಾರರಿಗೆ ಏನೋ ಹೊಳೆದಂತೆ, ನೆಲದ ಮೇಲೆ ಬಿಚ್ಚಿಹಾಕಿದ್ದ ಇಂಜಿನ್ನನ್ನು ಬೆರಳಲ್ಲಿ ತೋರಿಸಿದರು. "ಇದು ಕೆಟ್ಟೈತಲ್ಲ, ಇದನ್ನ ನೀನೇ ಒಯ್ಯಿ. ಮಾತಿಗೆ ತಪ್ದೋನಲ್ಲ ನಾನು. ಜಗಳೂರ ಕಡೆ ಹೋಗೋ ಲಾರೀಲಿ ಹಾಕಿಸ್ತೀನಿ."

ಬೇಡ ಎನ್ನಬಹುದಿತ್ತು. ನಾನಾಗಿದ್ದರೆ ಅದರ ಮೇಲೆ ಉಗಿದು ಬರುತ್ತಿದ್ದೆ. ಬೈಲಪ್ಪ ಒಯ್ದ.

ಈಗ ಅದು ಅವನ ಮನೆಯ ಅಂಗಳದಲ್ಲಿದೆ. ಬಂದ ವಾರದಲ್ಲೇ ಗೋಣಿತಾಟು ಹಾಸಿಕೊಂಡು ಕೂತು ಅದನ್ನು ಪೂರ್ತಿ ಬಿಚ್ಚಿದ. ಪಿಸ್ಟನ್ನುಗಳು ಬೋರಿಗೆ ಕಚ್ಚಿಕೊಂಡು ಕಿತ್ತುಹೋಗಿದ್ದವು. ಕೆಳಗೆ ತಿರುಗುವ ಕ್ರ್ಯಾಂಕಿನ ದಂಡ ಮಾತ್ರ ಒರೆಸಿದರೆ ಮುಖ ಕಾಣುವಷ್ಟು ನುಣುಪಾಗಿತ್ತು. ಕ್ಯಾಮ್ ಶಾಫ್ಟು ಹೊಸದರಂತಿತ್ತು. ಇಷ್ಟು ಓಡಿದ ಇಂಜಿನ್ನಿನಲ್ಲಿ ಇಂಥದ್ದನ್ನು ಅವನು ಕಂಡಿರಲಿಲ್ಲ. ತಾನು ಬದುಕಿನಲ್ಲಿ ಚೆನ್ನಾಗಿ ಮಾಡಿದ್ದು ಇದೊಂದೇ, ಅದನ್ನೂ ತಾನೇ ಕೊಂದೆ ಎಂದುಕೊಂಡ.

ಸುಂಕಲಮ್ಮ ಜೋಳದ ಮೊರ ಹಿಡಿದು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

"ಇನ್ನೂ ಬೇಕಾದಷ್ಟು ವರ್ಷ ಓಡ್ತಿತ್ತು ಕಣೇ" ಎಂದ ಬೈಲಪ್ಪ, ತಲೆಯೆತ್ತದೆ. "ನಾನೇ ಕೆಡಿಸ್ದೆ. ನೀರಿಲ್ದಂಗೆ ಓಡ್ಸಿ, ಬೇಕಂತ್ಲೇ ಕೆಡಿಸ್ದೆ. ಸಾವ್ಕಾರ್ರು ನಂಬ್ಲಿಲ್ಲ."

ಅವಳು ನಂಬಿದಳು. ಒಂದು ಮಾತನ್ನೂ ಮತ್ತೆ ಕೇಳದೆ ನಂಬಿದಳು. ಅದು ಅವಳ ಮುಖದಲ್ಲೇ ಕಂಡಿತು, ಮತ್ತು ಬೈಲಪ್ಪನಿಗೆ ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ಅವಳು ಮೊರವನ್ನು ಕೆಳಗಿಟ್ಟಳು.

"ಕೆಡ್ಸಾಕೆ ಬರ್ತಿತ್ತಾ ನಿಮಗೆ?" ಎಂದು ಕೇಳಿದಳು. "ಹಂಗಾರೆ ಇಷ್ಟು ವರ್ಷ ನನ್ನ ಯಾಕೆ ಕಾಯಿಸಿದ್ರಿ?"

ಬೈಲಪ್ಪ ಕೈಯಲ್ಲಿದ್ದ ಎಣ್ಣೆ ಬಟ್ಟೆಯಿಂದ ಕ್ರ್ಯಾಂಕನ್ನು ಮತ್ತೆ ಒರೆಸತೊಡಗಿದ. ಸುಂಕಲಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು.