ಕೊಪ್ಪರಿಗೆ ಮೇಲೆ ಕೂತ ಪುಷ್ಪಾವತಿ ಮೇಡಂ

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಜಗಳೂರಿನ ನಮ್ಮ ಸಂಸ್ಥೆಗೆ ಹೊಸ ಜೀಪು ಬಂದದ್ದು, ಪುಷ್ಪಾವತಿ ಮೇಡಂ ಸೊಂಟನೋವಿನಿಂದ ಕೆಲಸ ಬಿಟ್ಟ ಮೇಲೆ. ಅದೇ ಆಫೀಸಿನ ಟೈಪಿಸ್ಟ್ ಪ್ರೇಮಲತಾ ನಾನು. ಆ ಜೀಪು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆಗ ಇದ್ದದ್ದು ಒಂದು ಸುಡುಗಾಡು ಜೀಪು. ಟೈರಿಲ್ಲದೆ ಇಟ್ಟಿಗೆ ಮೇಲೆ ನಿಂತಿತ್ತು, ಅದರಡಿ ಕೋಳಿ ಮೊಟ್ಟೆ ಇಡುತ್ತಿತ್ತು. ಬಾಲ್ಯವಿವಾಹ ತಡೆಯುವುದು ಮೇಡಂ ಕೆಲಸ. ಒಂದು ಮಧ್ಯಾಹ್ನ ಸೊಕ್ಕೆ ಹಳ್ಳಿಯಿಂದ ಫೋನ್ ಬಂತು: ಒಂಬತ್ತನೇ ಕ್ಲಾಸಿನ ಚೌಡೇಶ್ವರಿಗೆ ನಾಳೆ ಬೆಳಿಗ್ಗೆ ಮದುವೆ. ಬಸ್ಸು ಆಗಲೇ ಹೋಗಿತ್ತು. ಇಬ್ಬರೂ ರಸ್ತೆಯಲ್ಲಿ ನಿಂತು ಕೈ ಅಡ್ಡ ಹಾಕಿದೆವು. ಬಾಡಿಗೆ ಪಾತ್ರೆ ಸಾಗಿಸುವ ದುರುಗೇಶನ ಟೆಂಪೊ ನಿಂತಿತು, ತುಂಬ ಅಡುಗೆ ಪಾತ್ರೆ.

"ಎಲ್ಲಿಗಪ್ಪಾ?" ಮೇಡಂ ಕೇಳಿದರು.

"ಸೊಕ್ಕೆ ಮಲ್ಲೇಶಪ್ಪರ ಮಗಳ ಮದ್ವೆಗೆ. ಹತ್ರಿ, ಹಿಂದ್ಗಡೆ ಜಾಗ ಐತೆ."

ಅಯ್ಯೋ ಶಿವನೇ, ಅದೇ ಮದುವೆ! ಮೇಡಂ ಸೆರಗು ಸಿಕ್ಕಿಸಿಕೊಂಡು, ಬೋರಲು ಹಾಕಿದ್ದ ಅನ್ನದ ಕೊಪ್ಪರಿಗೆ ಮೇಲೆ ಕೂತರು. ಸೊಕ್ಕೆ ಬಂದರೂ ಇಳಿಯಲಿಲ್ಲ.

"ಏನ್ರೀ, ಉಣ್ಣಾಕೆ ಬಂದ್ರೋ, ಕೆಡಿಸಾಕೆ ಬಂದ್ರೋ?" ಮಲ್ಲೇಶಪ್ಪ ಕೂಗಾಡಿದ.

"ಉಣ್ಣಾಕೇ ಬರ್ತೀನಿ, ಮಗಳಿಗೆ ಹದಿನೆಂಟು ತುಂಬ್ಲಿ. ಅಲ್ಲಿತನ್ಕ ಕೊಪ್ಪರಿಗೆನೂ ಇಳಿಯಲ್ಲ, ನಾನೂ ಇಳಿಯಲ್ಲ."

ಪಾತ್ರೆಯಿಲ್ಲದೆ ಒಲೆ ಹೊತ್ತಲಿಲ್ಲ. ನಾನು ಫೋನ್ ಮಾಡಿದ್ದ ಪೊಲೀಸರೂ ಸಂಜೆಗೆ ಬಂದರು. ಬೀಗರು ಗೊಣಗುತ್ತಾ ಹೊರಟರು, ಮದುವೆ ನಿಂತಿತು. ವಾಪಸ್ ಬರುವಾಗ ಆ ಪಾತ್ರೆಗಳ ನಡುವೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಏನು ದಿನಗಳಪ್ಪಾ ಅವು! ಅಂಥ ನಗು ಮತ್ತೆ ನಾನು ಕಾಣಲಿಲ್ಲ.

ಹೋದ ತಿಂಗಳು ಚೌಡೇಶ್ವರಿಯ ಮದುವೆಯಾಯಿತು. ಈಗವಳು ನರ್ಸ್, ಹುಡುಗನನ್ನು ತಾನೇ ಒಪ್ಪಿದ್ದಾಳೆ. ಮೇಡಂ ಕೋಲೂರಿಕೊಂಡು ಬಂದರು. ಮಲ್ಲೇಶಪ್ಪನೇ ಹೋಳಿಗೆ ಬಡಿಸಿ, "ಹದಿನೆಂಟು ತುಂಬಿ ಬಾಳ ದಿನ ಆತು. ಇವತ್ತು ಹೊಟ್ಟೆ ತುಂಬ ಉಣ್ರಿ ಅಮ್ಮಾ" ಅಂದ. ನನ್ನ ಕಣ್ಣು ತುಂಬಿ ಬಂತು. ಮೇಡಂ ಮಾತ್ರ ಹೋಳಿಗೆ ಮುರಿದು ಎಲೆಯಲ್ಲೇ ಬಿಟ್ಟಿದ್ದರು.

"ಯಾಕ್ರೀ ಮೇಡಂ, ಉಣ್ರಿ" ಅಂದೆ.

"ಗುಡ್ಡದಾಚೆ ಹಳ್ಳಿ ವಾಣಿಶ್ರೀ ನೆನಪೈತೇನೇ ಪ್ರೇಮಾ? ಅವತ್ತೂ ಹಿಂಗೇ ರಸ್ತೇಲಿ ನಿಂತಿದ್ವಿ. ಯಾವ ಗಾಡಿನೂ ಬರ್ಲಿಲ್ಲ. ನಡ್ಕಂಡು ಹೋಗೋದ್ರೊಳಗೆ ತಾಳಿ ಕಟ್ಟಿ ಆಗಿತ್ತು. ಅವ್ಳೂ ಇವಳ ಓರಗೇನೇ ಕಣೇ."

ನಾನೂ ಕೈಲಿದ್ದ ಹೋಳಿಗೆ ಎಲೆಗೆ ಇಟ್ಟೆ.